ಬನ್ ಇಲ್ಲದ ಬರ್ಗರ್, ಬಟ್ಟಲಿನಲ್ಲಿ

ಪ್ರಶ್ನೆ: ಮನೆಯಲ್ಲಿ ಐದು ಜನ ಇದ್ದೇವೆ. ಮಕ್ಕಳಿಬ್ಬರಿಗೂ ವಾರಕ್ಕೊಮ್ಮೆ ಬರ್ಗರ್ ಬೇಕೇ ಬೇಕು. ಹೊರಗಿನಿಂದ ತರಿಸಿ ತರಿಸಿ ಸಾಕಾಗಿದೆ. ಮನೆಯಲ್ಲೇ ಮಾಡೋಣವೆಂದರೆ ಪ್ಯಾಟಿ ಎಣ್ಣೆಗೆ ಬಿಟ್ಟ ಕೂಡಲೇ ಒಡೆದು ಚೂರಾಗುತ್ತದೆ. ನಮ್ಮ ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಯಜಮಾನರಿಗೂ ಮಕ್ಕಳಿಗೂ ಚಿಕನ್ ಆದರೆ ಇಷ್ಟ. ಅಮೆರಿಕದಲ್ಲಿರುವ ನನ್ನ ತಂಗಿ ಬನ್ ಬಿಟ್ಟು ಉಳಿದಿದ್ದನ್ನೆಲ್ಲ ಬಟ್ಟಲಿಗೆ ಹಾಕಿ 'ಬರ್ಗರ್ ಬೌಲ್' ಮಾಡುತ್ತಾಳಂತೆ. ಓವನ್ ಇಲ್ಲದ ನಮ್ಮ ಅಡುಗೆಮನೆಯಲ್ಲಿ ಅದು ಆಗುತ್ತದೆಯೇ? ತಿಂದರೆ ಬರ್ಗರ್ ತಿಂದ ಹಾಗಿರುತ್ತದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಖಂಡಿತ ಆಗುತ್ತದೆ. ಓವನ್ ಬೇಡ, ಕರಿಯುವ ಎಣ್ಣೆಯೂ ಬೇಡ. ನಿಮ್ಮನ್ನು ಕಾಡುತ್ತಿರುವ ಒಡೆದ ಪ್ಯಾಟಿ ಈ ಅಡುಗೆಯಲ್ಲಿ ಸಮಸ್ಯೆಯೇ ಅಲ್ಲ. ಬಟ್ಟಲಿಗೆ ಹಾಕುವ ಪ್ಯಾಟಿಯನ್ನು ನಾವೇ ಪುಡಿ ಮಾಡಿ ಹುರಿಯುತ್ತೇವೆ.

ಮನೆಯ ಪ್ಯಾಟಿ ಗುಂಡಗೆ ನಿಲ್ಲಲಿ ಎಂದು ನಾವು ಬೇಯಿಸಿದ ಆಲೂಗಡ್ಡೆ, ಬ್ರೆಡ್ ಪುಡಿ, ಕಾರ್ನ್‌ಫ್ಲೋರ್ ಎಲ್ಲ ಸೇರಿಸುತ್ತೇವೆ. ಅವುಗಳಿಂದ ಆಕಾರ ನಿಲ್ಲುತ್ತದೆ, ರುಚಿ ತೆಳುವಾಗುತ್ತದೆ. ಬನ್ ಒಳಗೆ ಕೂರಬೇಕಾದ್ದಕ್ಕೆ ಆಕಾರ ಬೇಕು. ಬಟ್ಟಲಲ್ಲಿ ಚಮಚದಿಂದ ತಿನ್ನುವುದಕ್ಕೆ ಬೇಡ. ಹಾಗಾಗಿ ಅಂಟಿಸುವ ಸಾಮಾನನ್ನೆಲ್ಲ ಬಿಟ್ಟು, ರುಚಿ ಕೊಡುವುದನ್ನಷ್ಟೇ ಇಟ್ಟುಕೊಳ್ಳಬಹುದು. ಬಟ್ಟಲಿನ ದೊಡ್ಡ ಅನುಕೂಲ ಇದೇ.

ಬನ್ ಬಿಡುವ ಪದ್ಧತಿ ಅಮೆರಿಕದಲ್ಲಿ ಅಂಗಡಿಗಳಲ್ಲೂ ಇದೆ. ಕ್ಯಾಲಿಫೋರ್ನಿಯಾ ಮೂಲದ ಇನ್-ಎನ್-ಔಟ್ ಅಂಗಡಿಗಳಲ್ಲಿ 'ಪ್ರೋಟೀನ್ ಸ್ಟೈಲ್' ಎಂದು ಕೇಳಿದರೆ ಬನ್ ಬದಲು ಲೆಟಿಸ್ ಎಲೆಯಲ್ಲಿ ಸುತ್ತಿದ ಬರ್ಗರ್ ಕೊಡುತ್ತಾರೆ. ಹಿಟ್ಟಿನ ಪದಾರ್ಥ ಕಡಿಮೆ ತಿನ್ನಬೇಕೆನ್ನುವವರು ಅದನ್ನೇ ಮನೆಯಲ್ಲಿ ಬಟ್ಟಲಿಗೆ ಹಾಕಿಕೊಂಡು ಊಟವನ್ನಾಗಿ ಮಾಡಿಕೊಂಡಿದ್ದಾರೆ. ಇನ್ನು ಮಾಂಸದ ವಿಷಯ. ಮೂಲದಲ್ಲಿ ಬರ್ಗರ್ ಎಂದರೆ ದನದ ಮಾಂಸದ ಖೀಮಾ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದಾಗ ಅದನ್ನು ಬಿಟ್ಟೇ ಅಂಗಡಿ ತೆರೆಯಿತು. ಆಮೇಲೆ ಇಲ್ಲಿ ಹೆಚ್ಚು ಜನಪ್ರಿಯವಾದದ್ದು ಆಲೂ ಟಿಕ್ಕಿಯ ಬರ್ಗರ್. ಒಳಗಿನ ಪದಾರ್ಥ ಬದಲಾದರೂ ಜನ ಅದನ್ನು ಬರ್ಗರ್ ಎಂದೇ ತಿಂದರು.

ಹಾಗಾದರೆ ಬರ್ಗರ್‌ನ ರುಚಿ ಎಲ್ಲಿದೆ? ಕೆಂಪಗೆ ಹುರಿದದ್ದು ಒಂದು, ಹುಳಿ ಹಿಡಿದ ಸೌತೆಕಾಯಿ ಒಂದು, ಸಾಸ್ ಒಂದು, ಹಸಿಯಾಗಿ ಕರುಂ ಎನ್ನುವ ಸೊಪ್ಪು ಒಂದು. ಈ ನಾಲ್ಕೂ ಒಂದೇ ತುತ್ತಿನಲ್ಲಿ ಬಾಯಿಗೆ ಬಂದರೆ ಮಕ್ಕಳು 'ಬರ್ಗರ್' ಅನ್ನುತ್ತಾರೆ. ಒಂದು ತಪ್ಪಿದರೂ ಅದು ಪಲ್ಯ, ಇಲ್ಲವೇ ಸಲಾಡ್. ಒಂದೊಂದಾಗಿ ನೋಡೋಣ.

ಹುರಿಯುವುದು

ಅತ್ತೆಯವರಿಗೂ ಆಗುವಂಥದ್ದು ಮೊದಲು. ಐದು ಜನಕ್ಕೆ ಒಂದು ಕಪ್ ಸೋಯಾ ಗ್ರ್ಯಾನ್ಯೂಲ್ಸ್, ಬೇಯಿಸಿದ ರಾಜ್ಮಾ ಒಂದು ಕಪ್, ಸಣ್ಣಗೆ ಹೆಚ್ಚಿದ ದೊಡ್ಡ ಈರುಳ್ಳಿ ಒಂದು, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಕಾಳುಮೆಣಸಿನ ಪುಡಿ ಒಂದು ಟೀ ಚಮಚ, ಅಚ್ಚಖಾರದ ಪುಡಿ ಅರ್ಧ ಚಮಚ, ಸೋಯಾ ಸಾಸ್ ಒಂದು ಚಮಚ, ಎಣ್ಣೆ ಮೂರು ದೊಡ್ಡ ಚಮಚ. ಒಣ ಸೋಯಾದಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್ ಇರುವುದರಿಂದ ಮಕ್ಕಳ ಹೊಟ್ಟೆ ತುಂಬುವುದರ ಬಗ್ಗೆ ಯೋಚನೆ ಬೇಡ.

ಸೋಯಾವನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ. ತಣ್ಣೀರಿನಲ್ಲಿ ಎರಡು ಸಲ ತೊಳೆದು, ಬಟ್ಟೆಗೆ ಹಾಕಿ ಹನಿಯೂ ಉಳಿಯದಂತೆ ಹಿಂಡಿ. ಅದರ ಹಸಿ ವಾಸನೆ ಹೋಗುವುದು ಈ ಹಿಂಡುವಿಕೆಯಿಂದ. ರಾಜ್ಮಾವನ್ನು ಹಿಂದಿನ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಬೆರಳಿಗೆ ಮೆತ್ತಗೆ ಹಿಸುಕುವಷ್ಟು ಬೇಯಿಸಿ. ಅರೆಬೆಂದ ರಾಜ್ಮಾ ವಾಂತಿ, ಭೇದಿ ತರುತ್ತದೆ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಹೋಗಬೇಕಾದರೆ ಕಾಳು ಚೆನ್ನಾಗಿ ಕುದಿಯಲೇಬೇಕು. ಬೆಂದ ಮೇಲೆ ನೀರು ಬಸಿದು, ಅರ್ಧ ಪುಡಿ ಅರ್ಧ ಕಾಳು ಇರುವಂತೆ ಕೈಯಿಂದ ಹಿಸುಕಿ.

ಇನ್ನು ಕಾವಲಿ. ದಪ್ಪ ಕಬ್ಬಿಣದ ದೋಸೆ ಕಾವಲಿ ಇದ್ದರೆ ಇದಕ್ಕಿಂತ ಒಳ್ಳೆಯ ಪಾತ್ರೆ ಬೇರೆ ಇಲ್ಲ. ಎಣ್ಣೆ ಕಾದ ಮೇಲೆ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ ಬದಿಗೆ ಸರಿಸಿ. ಸೋಯಾ, ರಾಜ್ಮಾ ಹಾಕಿ ತೆಳ್ಳಗೆ ಹರಡಿ, ದೋಸೆಯ ಸಟ್ಟುಗದಿಂದ ಒತ್ತಿ. ಆಮೇಲೆ ಕೈ ಕಟ್ಟಿ ನಿಲ್ಲಿ. ಮೂರು ನಿಮಿಷ ಮುಟ್ಟಬೇಡಿ. ಮೊದಲು ಹಬೆ ಏಳುತ್ತದೆ, ಸುಂಯ್ ಎಂಬ ಮೆತ್ತನೆಯ ಸದ್ದು ಬರುತ್ತದೆ. ಅದು ನೀರು ಹೋಗುತ್ತಿರುವ ಸದ್ದು. ಹಬೆ ಇಳಿದು ಚಟಚಟ ಎಂದು ಗರಿಗರಿಯಾದ ಸದ್ದು ಶುರುವಾದಾಗ ಅಂಚು ಎತ್ತಿ ನೋಡಿ: ತಳ ಕಾಫಿಪುಡಿಯ ಬಣ್ಣಕ್ಕೆ ತಿರುಗಿರುತ್ತದೆ. ಆಗ ಮಗುಚಿ, ಮತ್ತೆ ಒತ್ತಿ, ಮತ್ತೆ ಕಾಯಿರಿ. ಎರಡು ಮೂರು ಸಲ ಹೀಗೆ ಮಾಡಿ, ಕೊನೆಗೆ ಮೆಣಸಿನ ಪುಡಿ, ಖಾರದ ಪುಡಿ, ಸೋಯಾ ಸಾಸ್ ಹಾಕಿ ಕೆದಕಿ ಇಳಿಸಿ.

ಇಷ್ಟು ಕಾಯುವುದಕ್ಕೆ ಕಾರಣವಿದೆ. ನೀರಿರುವವರೆಗೆ ಪದಾರ್ಥದ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಅಲ್ಲಿಯವರೆಗೆ ಅದು ಬೇಯುತ್ತದೆ ಅಷ್ಟೇ. ಸುಮಾರು 140 ಡಿಗ್ರಿ ದಾಟಿದ ಮೇಲೆ ಪ್ರೋಟೀನ್‌ನ ಅಂಶಗಳೂ ಸಕ್ಕರೆಯ ಅಂಶಗಳೂ ಕೂಡಿ ಆ ಕಂದು ಬಣ್ಣ, ಆ ಘಮ ಬೇಗ ಬೇಗ ಹುಟ್ಟುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಯ್ ಮಯಾರ್ ಅವರ ಹೆಸರಿನಿಂದ ಈ ಕ್ರಿಯೆಯನ್ನು ಕರೆಯುತ್ತಾರೆ. ಬರ್ಗರ್ ಅಂಗಡಿಯ ಮುಂದೆ ಹಾದರೆ ಮೂಗಿಗೆ ಬರುವ ವಾಸನೆ ಇದರದ್ದೇ. ಎಲ್ಲವನ್ನೂ ಒಟ್ಟಿಗೆ ರಾಶಿ ಹಾಕಿ ಕೆದಕುತ್ತಿದ್ದರೆ ಹಬೆ ಅಲ್ಲೇ ಸಿಕ್ಕಿಕೊಂಡು ಉಸಲಿಯಂತಾಗುತ್ತದೆ. ಕಾವಲಿ ಚಿಕ್ಕದಿದ್ದರೆ ಎರಡು ಸಲ ಹುರಿಯಿರಿ.

ಚಿಕನ್ ತಿನ್ನುವವರಿಗೆ 300 ಗ್ರಾಂ ಖೀಮಾವನ್ನು ಬೇರೆ ಬಾಣಲೆಯಲ್ಲಿ ಇದೇ ಕ್ರಮದಲ್ಲಿ ಹುರಿಯಿರಿ. ಖೀಮಾದ ಮೇಲಿನ ತೇವವನ್ನು ಒರೆಸಿ, ಉಪ್ಪನ್ನು ಬಾಣಲೆಗೆ ಹಾಕುವ ಹೊತ್ತಿಗೆ ಸೇರಿಸಿ. ಒಳಗೆಲ್ಲೂ ಗುಲಾಬಿ ಬಣ್ಣ ಉಳಿಯಬಾರದು. ಖೀಮಾ ಮಾಡುವಾಗ ಹೊರಗಿನ ಸೂಕ್ಷ್ಮಾಣುಗಳು ಒಳಗೂ ಸೇರಿರುತ್ತವೆ, ಆದ್ದರಿಂದ ಪೂರ್ತಿ ಬೇಯಲೇಬೇಕು. ಅತ್ತೆಯವರ ಅಡುಗೆ ಮೊದಲು ಮುಗಿಸಿ, ಅವರ ಸಟ್ಟುಗ ಬೇರೆ ಇಡಿ. ಮನಸ್ಸಿಗೆ ಸಮಾಧಾನವಿದ್ದರೆ ಊಟ ಅವರಿಗೂ ಹಿಡಿಸುತ್ತದೆ.

ಹುಳಿ ಸೌತೆ

ಬರ್ಗರ್‌ನಲ್ಲಿ ಸಿಗುವ ಆ ಹಸಿರು ಬಿಲ್ಲೆ ಗರ್ಕಿನ್, ನಮ್ಮವರು ಮಿಡಿಸೌತೆ ಎನ್ನುವ ಬೆಳೆ. ಭಾರತದಲ್ಲಿ ಇದರ ಬೇಸಾಯ 1990ರ ದಶಕದ ಆರಂಭದಲ್ಲಿ ಶುರುವಾದದ್ದು ನಮ್ಮ ಕರ್ನಾಟಕದಲ್ಲೇ. ಮುಂದೆ ತಮಿಳುನಾಡು, ಆಂಧ್ರ, ತೆಲಂಗಾಣಗಳಿಗೆ ಹರಡಿತು. ರೈತರು ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡು ಸುಮಾರು 90 ದಿನಗಳ ಈ ಬೆಳೆ ತೆಗೆಯುತ್ತಾರೆ. 2020–21ರಲ್ಲಿ ಭಾರತ ಸೌತೆಕಾಯಿ, ಗರ್ಕಿನ್ ಎರಡೂ ಸೇರಿ 2,23,515 ಟನ್ ರಫ್ತು ಮಾಡಿತು. ಭಾರತವೇ ಜಗತ್ತಿನಲ್ಲಿ ಅತಿ ಹೆಚ್ಚು ಗರ್ಕಿನ್ ರಫ್ತು ಮಾಡುವ ದೇಶವೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2022ರ ಜನವರಿಯಲ್ಲಿ ಪ್ರಕಟಿಸಿತು. ನಿಮ್ಮ ತಂಗಿ ಅಲ್ಲಿ ಬಿಚ್ಚುವ ಬಾಟಲಿಯಲ್ಲಿರುವುದು ನಮ್ಮ ಹೊಲದ ಮಿಡಿಯೇ ಇರಬಹುದು.

ಬಾಟಲಿ ಸಿಗದಿದ್ದರೆ ಎಳೆ ಸೌತೆಕಾಯಿಯಿಂದ ಮನೆಯಲ್ಲೇ ಮಾಡಿ. ಎರಡು ಸೌತೆಕಾಯಿ ತೆಳುವಾಗಿ ಬಿಲ್ಲೆ ಹೆಚ್ಚಿ. ಅರ್ಧ ಕಪ್ ವಿನೆಗರ್, ಅರ್ಧ ಕಪ್ ನೀರು, ಒಂದು ಟೀ ಚಮಚ ಉಪ್ಪು, ಎರಡು ಟೀ ಚಮಚ ಸಕ್ಕರೆ, ಅರ್ಧ ಚಮಚ ಸಾಸಿವೆ, ಜಜ್ಜಿದ ಕಾಳುಮೆಣಸು ನಾಲ್ಕಾರು ಸೇರಿಸಿ ಒಂದು ಕುದಿ ಬರಿಸಿ, ಉಗುರುಬೆಚ್ಚಗಾದ ಮೇಲೆ ಬಿಲ್ಲೆಗಳ ಮೇಲೆ ಸುರಿಯಿರಿ. ಅರ್ಧ ಗಂಟೆಗೇ ಹುಳಿ ಹಿಡಿಯುತ್ತದೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು. ಅದೇ ನೀರಿಗೆ ಈರುಳ್ಳಿಯ ಬಳೆಗಳನ್ನೂ ಹಾಕಿ, ನಸುಗೆಂಪಾಗುತ್ತವೆ. ಮಾವಿನ ಉಪ್ಪಿನಕಾಯಿ ಇದಕ್ಕೆ ಬದಲಿ ಆಗುವುದಿಲ್ಲ. ಅದರ ಎಣ್ಣೆ, ಮೆಂತ್ಯ, ಇಂಗು ಉಳಿದೆಲ್ಲ ರುಚಿಯನ್ನೂ ಮುಚ್ಚಿಬಿಡುತ್ತವೆ.

ಸಾಸ್

ಅಮೆರಿಕದ ಬರ್ಗರ್ ಸಾಸ್‌ಗೆ ಮೇಯನೇಸ್ ಆಧಾರ. ನಿಮ್ಮ ಮನೆಗೆ ಅದು ಬೇಡ. ಹಸಿ ಮೊಟ್ಟೆಯ ಮೇಯನೇಸ್‌ನಲ್ಲಿ ಸಾಲ್ಮೊನೆಲ್ಲಾ ಬೆಳೆಯುವ ಭಯವಿದೆ. ಇದೇ ಕಾರಣಕ್ಕೆ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ನಿಷೇಧಿಸಿದವು. ನಮಗೆ ಗಟ್ಟಿ ಮೊಸರಿದೆ. ಎರಡು ಕಪ್ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ತೂಗುಹಾಕಿದರೆ ಒಂದು ಕಪ್‌ನಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಶ್ರೀಖಂಡಕ್ಕೆ ಕಟ್ಟುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅದಕ್ಕೆ ಎರಡು ದೊಡ್ಡ ಚಮಚ ಟೊಮೇಟೊ ಕೆಚಪ್, ಒಂದು ಟೀ ಚಮಚ ಮಸ್ಟರ್ಡ್ ಸಾಸ್, ಸಣ್ಣಗೆ ಕೊಚ್ಚಿದ ಹುಳಿ ಸೌತೆ ಎರಡು ಚಮಚ, ಚಿಟಿಕೆ ಬ್ಯಾಡಗಿ ಮೆಣಸಿನ ಪುಡಿ, ಒಂದು ಚಮಚ ಎಣ್ಣೆ ಸೇರಿಸಿ ಕಡೆಯಿರಿ. ಮೊಸರು ತಾಜಾ ಇರಲಿ. ಹುಳಿ ಮೊಸರು ಹಾಕಿದರೆ ಪಚಡಿಯ ರುಚಿ ಬರುತ್ತದೆ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಿ. ಕೆಚಪ್, ಚೀಸ್, ಸೋಯಾ ಸಾಸ್, ಹುಳಿ ಸೌತೆ ಎಲ್ಲದರಲ್ಲೂ ಉಪ್ಪಿದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಇನ್ನೂ ಕಡಿಮೆ.

ಸೊಪ್ಪು ಮತ್ತು ತಳ

ಲೆಟಿಸ್ ಸಿಕ್ಕರೆ ಸರಿ, ಇಲ್ಲದಿದ್ದರೆ ಎಲೆಕೋಸನ್ನು ಕೂದಲೆಳೆಯಂತೆ ಹೆಚ್ಚಿ ಐಸ್ ನೀರಿನಲ್ಲಿ ಹತ್ತು ನಿಮಿಷ ಬಿಡಿ, ಗರಿಗರಿಯಾಗುತ್ತದೆ. ಯಾವುದೇ ಸೊಪ್ಪಾದರೂ ಹೆಚ್ಚುವ ಮೊದಲೇ ಎಲೆ ಎಲೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ. ನೀರು ಉಳಿದರೆ ಸಾಸ್ ತೆಳ್ಳಗಾಗಿ ಬಟ್ಟಲಿನ ತಳಕ್ಕೆ ಇಳಿಯುತ್ತದೆ. ಟೊಮೇಟೊದ ಬೀಜ, ರಸ ತೆಗೆದು ಹೆಚ್ಚಿ.

ಹೊಟ್ಟೆ ತುಂಬಲು ತಳದಲ್ಲಿ ಆಲೂಗಡ್ಡೆ ಇರಲಿ. ಮಕ್ಕಳಿಗೆ ಫ್ರೆಂಚ್ ಫ್ರೈಸ್‌ನ ಕೊರತೆಯೂ ನೀಗುತ್ತದೆ. ನಾಲ್ಕು ಆಲೂಗಡ್ಡೆಯನ್ನು ಸಣ್ಣ ತುಂಡು ಮಾಡಿ ಉಪ್ಪುನೀರಿನಲ್ಲಿ ಆರು ನಿಮಿಷ ಕುದಿಸಿ, ಬಸಿದು ಆರಿಸಿ, ಎರಡು ಚಮಚ ಎಣ್ಣೆಯಲ್ಲಿ ಕಾವಲಿಯ ಮೇಲೆ ಎಲ್ಲ ಮಗ್ಗುಲೂ ಕೆಂಪಗಾಗುವವರೆಗೆ ಹುರಿಯಿರಿ. ಸಕ್ಕರೆ ಕಾಯಿಲೆ ಇರುವವರ ಬಟ್ಟಲಿಗೆ ಆಲೂಗಡ್ಡೆ ಕಡಿಮೆ ಮಾಡಿ ಸೊಪ್ಪು, ಸೋಯಾ ಹೆಚ್ಚು ಹಾಕಿ. ಬನ್ ಬೇಕೇ ಬೇಕು ಎನ್ನುವ ಮಗುವಿಗೆ ಒಂದು ಬನ್ನನ್ನು ಚೂರು ಮಾಡಿ, ತುಪ್ಪ, ಎಳ್ಳು ಹಾಕಿ ಗರಿಯಾಗಿ ಹುರಿದು ಮೇಲೆ ಉದುರಿಸಿ. ನಿಮ್ಮ ಕಡೆ ಎಲ್ಲರ ಮನೆಯಲ್ಲೂ ಇರುವ ಜೋಳದ ಖಡಕ್ ರೊಟ್ಟಿಯನ್ನು ಮುರಿದು ಹಾಕಿದರೆ ಇನ್ನೂ ಸೊಗಸು. ಸಾಸ್ ತಾಗಿದರೂ ಅದು ಬೇಗ ಮೆತ್ತಗಾಗುವುದಿಲ್ಲ.

ಬಡಿಸುವ ಕ್ರಮ

ಹಿಂದಿನ ರಾತ್ರಿ ರಾಜ್ಮಾ ನೆನೆಸಿ. ಬೆಳಿಗ್ಗೆ ಅದನ್ನು ಬೇಯಿಸಿ, ಸೌತೆ ಹುಳಿಗೆ ಹಾಕಿ. ಸಂಜೆ ಮೊಸರು ಕಟ್ಟಿಬಿಟ್ಟರೆ ಒಲೆಯ ಮುಂದಿನ ಕೆಲಸ ಮುಕ್ಕಾಲು ಗಂಟೆಯದ್ದು: ಮೊದಲು ಆಲೂಗಡ್ಡೆ, ಆಮೇಲೆ ಸೋಯಾ, ಕೊನೆಗೆ ಚಿಕನ್. ನಡುವೆ ಮಕ್ಕಳಿಂದ ಸೊಪ್ಪು ಒರೆಸಿಸಿ, ಸಾಸ್ ಕಲೆಸಿಸಿ. ತಾವೇ ಮಾಡಿದ್ದನ್ನು ಮಕ್ಕಳು ತಟ್ಟೆಯಲ್ಲಿ ಬಿಡುವುದು ಕಡಿಮೆ.

ಎಲ್ಲವನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಊಟದ ಜಾಗಕ್ಕೆ ತನ್ನಿ. ಕೆಳಗೆ ಸೊಪ್ಪು, ಒಂದು ಬದಿಗೆ ಆಲೂಗಡ್ಡೆ, ಮೇಲೆ ಬಿಸಿ ಸೋಯಾ ಅಥವಾ ಚಿಕನ್, ಆ ಬಿಸಿಗೇ ಕರಗುವಂತೆ ತುರಿದ ಚೀಸ್, ಟೊಮೇಟೊ, ಹುಳಿ ಸೌತೆ, ಕೊನೆಗೆ ಸಾಸ್. ಗಿರ್ಮಿಟ್ ಹೇಗೆ ತಿನ್ನುವ ಹೊತ್ತಿಗೇ ಕಲೆಸುತ್ತೀರೋ ಇದೂ ಹಾಗೆಯೇ. ಮೊದಲೇ ಕಲೆಸಿಟ್ಟರೆ ಸೊಪ್ಪು ಬಾಡುತ್ತದೆ, ಗರಿ ಹೋಗುತ್ತದೆ. ಅತ್ತೆಯವರು ಚೀಸ್ ಬಿಡಬಹುದು, ಯಜಮಾನರು ಹಸಿಮೆಣಸು ಸೇರಿಸಿಕೊಳ್ಳಬಹುದು, ಚಿಕ್ಕ ಮಗು ಈರುಳ್ಳಿ ಆರಿಸಿ ತೆಗೆಯಬೇಕಾಗಿಲ್ಲ. ಒಂದೇ ಅಡುಗೆಯಲ್ಲಿ ಐದು ಜನರ ಊಟ, ಐವರೂ ಒಟ್ಟಿಗೆ ಕೂತು. ಮನೆಯ ಅಡುಗೆಯ ಭಾರ ಹೊತ್ತವರಿಗೆ ಇದು ಸಣ್ಣ ಅನುಕೂಲವಲ್ಲ.

ಹುರಿದ ಸೋಯಾ ಉಳಿದರೆ ಮರುದಿನ ಚಪಾತಿಯಲ್ಲಿ ಸುತ್ತಿ ಡಬ್ಬಿಗೆ ಕಟ್ಟಿ. ಸಾಸ್ ಮಾತ್ರ ಎರಡು ದಿನದಲ್ಲಿ ಮುಗಿಸಿ. ಹೊತ್ತು ಸಾಲದ ದಿನ ಚೀಸ್ ಬಿಡಿ, ಲೆಟಿಸ್ ಬಿಡಿ, ರಾಜ್ಮಾ ಬದಲು ಪನೀರ್ ಪುಡಿ ಮಾಡಿ ಹಾಕಿ, ಅಡ್ಡಿಯಿಲ್ಲ. ಸೌತೆಯ ಹುಳಿಯನ್ನು ಮಾತ್ರ ಬಿಡಬೇಡಿ, ಕಾವಲಿಯ ಕಾವನ್ನು ಇಳಿಸಬೇಡಿ.