ಸರಕು ವಾಹನಗಳ ಅರ್ಹತಾ ಪತ್ರ: ಪರೀಕ್ಷೆ ಒಂದು ದಿನದ್ದು, ಹೊಣೆ ವರ್ಷವಿಡೀ

ಸ್ವಂತ ಸರಕು ವಾಹನ ಇರಿಸಿಕೊಂಡಿರುವ ವರ್ತಕರ ಹಾಗೂ ಸಣ್ಣ ಉದ್ಯಮಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ವಿಮೆಯ ಕಂತು, ರಸ್ತೆ ತೆರಿಗೆ, ಡೀಸೆಲ್ ಬಿಲ್ಲುಗಳು ಕ್ರಮವಾಗಿ ದೊರೆಯುತ್ತವೆ. ವಾಹನದ ಅರ್ಹತಾ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಎಫ್.ಸಿ., ಯಾವ ದಿನಾಂಕದವರೆಗೆ ಊರ್ಜಿತದಲ್ಲಿದೆ ಎಂದು ಕೇಳಿದರೆ ಮಾತ್ರ ಉತ್ತರ ಚಾಲಕನಿಂದಲೋ ಏಜೆಂಟರಿಂದಲೋ ಬರಬೇಕು. ಬ್ರೇಕ್ ಲೈನರ್ ಕೊನೆಯ ಬಾರಿ ಬದಲಾದದ್ದು ಯಾವಾಗ ಎಂದು ಕೇಳಿದರಂತೂ ಉತ್ತರವೇ ಇರುವುದಿಲ್ಲ. ಮೊದಲನೆಯ ಪ್ರಶ್ನೆ ಕಾಗದಕ್ಕೆ ಸಂಬಂಧಿಸಿದ್ದು, ಎರಡನೆಯದು ವಾಹನಕ್ಕೆ. ನಮ್ಮ ಸುಧಾರಣೆಗಳೆಲ್ಲ ಇದುವರೆಗೆ ಮೊದಲನೆಯದರ ಸುತ್ತಲೇ ನಡೆದಿವೆ.

ಕಾನೂನಿನ ಸ್ಥಿತಿ

1988ರ ಮೋಟಾರು ವಾಹನ ಅಧಿನಿಯಮದ 56ನೇ ಕಲಮಿನ ಪ್ರಕಾರ, ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾದ ವಾಹನವೆಂದು ಪರಿಗಣಿಸುವಂತಿಲ್ಲ. 2018ರ ತಿದ್ದುಪಡಿಯ ನಂತರ ಹೊಸ ವಾಹನಕ್ಕೆ ಮೊದಲ 2 ವರ್ಷ ಪ್ರತ್ಯೇಕ ಪರೀಕ್ಷೆ ಇಲ್ಲ. 8 ವರ್ಷ ತುಂಬುವವರೆಗೆ 2 ವರ್ಷಕ್ಕೊಮ್ಮೆ, ಅಲ್ಲಿಂದ ಮುಂದೆ ಪ್ರತಿವರ್ಷ ನವೀಕರಣ. ನೋಂದಣಿಯಿಲ್ಲದೆ ವಾಹನ ಓಡಿಸಿದರೆ 192ನೇ ಕಲಮಿನಡಿ ಮೊದಲ ಅಪರಾಧಕ್ಕೆ 2,000ದಿಂದ 5,000 ರೂಪಾಯಿವರೆಗೆ ದಂಡ. ಅನೇಕ ಮಾಲೀಕರು ತಮ್ಮ ನಷ್ಟದ ಲೆಕ್ಕವನ್ನು ಈ ದಂಡಕ್ಕೇ ನಿಲ್ಲಿಸಿಬಿಡುತ್ತಾರೆ.

ನಿಜವಾದ ಲೆಕ್ಕ ಆರಂಭವಾಗುವುದು ವಿಮೆಯಲ್ಲಿ. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೂ ಓಡಿಸಿದ ವಾಹನ ಅಪಘಾತಕ್ಕೀಡಾದ ಪ್ರಕರಣವೊಂದರಲ್ಲಿ, ಇದು ವಿಮಾ ಕರಾರಿನ ಮೂಲಭೂತ ಉಲ್ಲಂಘನೆಯೆಂದೂ ಸಂಸ್ಥೆ ವಾಹನದ ನಷ್ಟವನ್ನು ತುಂಬಿಕೊಡಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿತು. ಅರ್ಹತಾ ಪತ್ರವಿಲ್ಲದಿದ್ದರೆ ನೋಂದಣಿಯೇ ಊರ್ಜಿತವಲ್ಲ ಎನ್ನುವ 56ನೇ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವಿಮಾ ಸಂಸ್ಥೆಯ ವಾದ ಎತ್ತ ಸಾಗುವುದೆಂದು ಊಹಿಸುವುದು ಕಷ್ಟವಲ್ಲ.

ಮೂರನೆಯವರ ಪರಿಹಾರದ ವಿಷಯ ಇನ್ನೂ ಗಂಭೀರ. 2018ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಪೂರ್ಣ ಪೀಠವು ಅರ್ಹತಾ ಪತ್ರದ ಅಭಾವವನ್ನೂ ಮೂಲಭೂತ ಉಲ್ಲಂಘನೆಯೆಂದೇ ಎಣಿಸಿತು. ಇಂತಹ ಸಂದರ್ಭಗಳಲ್ಲಿ ವಿಮಾ ಸಂಸ್ಥೆ ಮೊದಲು ಸಂತ್ರಸ್ತರಿಗೆ ಹಣ ಪಾವತಿಸಿ, ಬಳಿಕ ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅವಕಾಶ ನೀಡುತ್ತವೆ. ಉಚ್ಚ ನ್ಯಾಯಾಲಯಗಳ ನಡುವೆ ಈ ಬಗ್ಗೆ ಅಭಿಪ್ರಾಯಭೇದವಿದೆ ಎಂಬುದು ನಿಜ. ಆದರೆ ಆ ಭೇದವನ್ನು ನಂಬಿ ವಾಹನವನ್ನು ರಸ್ತೆಗಿಳಿಸುವುದು ವ್ಯವಹಾರಸ್ಥರ ಲಕ್ಷಣವಲ್ಲ. ಏಕಮಾಲೀಕತ್ವದ ಸಂಸ್ಥೆಯಲ್ಲಿ, ಪಾಲುದಾರಿಕೆಯಲ್ಲಿ, ಇಂತಹ ವಸೂಲಿಯು ಅಂಗಡಿಯ ಬಂಡವಾಳಕ್ಕೆ ನಿಲ್ಲದೆ ಮನೆಯ ಆಸ್ತಿಯವರೆಗೂ ಬರಬಲ್ಲದು.

ಸ್ವಯಂಚಾಲಿತ ಪರೀಕ್ಷೆ

ನಮ್ಮ ಜನ ಮೋಟಾರು ವಾಹನ ನಿರೀಕ್ಷಕರನ್ನು ಬಹುಕಾಲದಿಂದ 'ಬ್ರೇಕ್ ಇನ್ಸ್‌ಪೆಕ್ಟರ್' ಎಂದೇ ಕರೆಯುತ್ತ ಬಂದಿದ್ದಾರೆ. ಬಯಲಿನಲ್ಲಿ ಸಾಲಾಗಿ ನಿಂತ ಹತ್ತಾರು ಲಾರಿಗಳ ಬ್ರೇಕನ್ನು ಕಣ್ಣಳತೆಯಲ್ಲಿ ಪರೀಕ್ಷಿಸುವುದು ಎಷ್ಟೇ ಪ್ರಾಮಾಣಿಕ ಅಧಿಕಾರಿಗೂ ಸಾಧ್ಯವಾಗದ ಕೆಲಸವೆಂಬುದು ಬೇರೆ ಮಾತು. 2019ರ ತಿದ್ದುಪಡಿ ಹಾಗೂ 2021ರ ಸೆಪ್ಟೆಂಬರಿನ ನಿಯಮಗಳು ಈ ಕೊರತೆಯನ್ನು ನೀಗಿಸಲೆಂದೇ ಬಂದವು. ಸ್ವಯಂಚಾಲಿತ ಕೇಂದ್ರದಲ್ಲಿ ಚಕ್ರಗಳನ್ನು ರೋಲರುಗಳ ಮೇಲಿರಿಸಿ ಪ್ರತಿ ಚಕ್ರದ ಬ್ರೇಕ್ ಬಲವನ್ನು ಅಳೆಯಲಾಗುತ್ತದೆ. ಎಡಬಲ ಚಕ್ರಗಳ ನಡುವಣ ವ್ಯತ್ಯಾಸ ಅಂಕಿಯಲ್ಲಿ ಕಾಣುತ್ತದೆ. ಸ್ಟಿಯರಿಂಗ್ ಸಡಿಲ, ದೀಪದ ದಿಕ್ಕು, ಹೊಗೆ, ವೇಗ ನಿಯಂತ್ರಕ ಇವೆಲ್ಲಕ್ಕೂ ಯಂತ್ರಗಳುಂಟು. ಪರೀಕ್ಷಾ ಕೇಂದ್ರ ನಡೆಸುವವರು ವಾಹನ ದುರಸ್ತಿಯನ್ನಾಗಲಿ ಬಿಡಿಭಾಗಗಳ ಮಾರಾಟವನ್ನಾಗಲಿ ಮಾಡಕೂಡದೆಂಬ ನಿಯಮ ನನ್ನ ದೃಷ್ಟಿಯಲ್ಲಿ ಯಂತ್ರಗಳಿಗಿಂತಲೂ ಮುಖ್ಯವಾದದ್ದು. ಲೆಕ್ಕ ಬರೆದವನೇ ಲೆಕ್ಕ ಪರಿಶೋಧಿಸಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ.

ಆದರೆ ಜಾರಿಯ ಗತಿ ನಿಧಾನ. ಭಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಕಡ್ಡಾಯವೆಂದಿದ್ದ ಪರೀಕ್ಷೆಯನ್ನು 2024ರ ಅಕ್ಟೋಬರ್ 1ಕ್ಕೆ ಮುಂದೂಡಲಾಯಿತು. ಸಾಕಷ್ಟು ಕೇಂದ್ರಗಳಿಲ್ಲದೆ ಕಡ್ಡಾಯ ಮಾಡಿದರೆ ವಾಹನ ಕೇಂದ್ರವನ್ನು ಹುಡುಕಿಕೊಂಡು ಹೋಗಬೇಕು, ಒಂದೆರಡು ದಿನದ ಬಾಡಿಗೆ ಕಳೆದುಕೊಳ್ಳಬೇಕು.

ಶುಲ್ಕದ ಬಗ್ಗೆಯೂ ಒಂದು ಮಾತು. 2022ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಭಾರಿ ಸರಕು ವಾಹನದ ನವೀಕರಣ ಶುಲ್ಕ 12,500 ರೂಪಾಯಿಗೆ ಏರಿತು. 2025ರ ನವೆಂಬರಿನಲ್ಲಿ ಕೇಂದ್ರವು 20 ವರ್ಷ ಮೀರಿದ ಭಾರಿ ವಾಹನಕ್ಕೆ 25,000 ರೂಪಾಯಿ ಎಂದು ಪರಿಷ್ಕರಿಸಿತು. ಹಳೆಯ ವಾಹನ ಕೈಬಿಡಲಿ ಎಂಬುದು ಉದ್ದೇಶ. ಆದರೆ ಇಲ್ಲಿ ಅಳೆಯುತ್ತಿರುವುದು ವಯಸ್ಸನ್ನು, ನಿರ್ವಹಣೆಯನ್ನಲ್ಲ. ಹದಿನಾರು ವರ್ಷದ ಲಾರಿಯನ್ನು ಕಾಲಕಾಲಕ್ಕೆ ಬಿಚ್ಚಿ ನೋಡಿಸುವವನಿಗೂ, ಎಣ್ಣೆ ಬದಲಿಸಲೂ ಮನಸ್ಸು ಮಾಡದವನಿಗೂ ಒಂದೇ ಶುಲ್ಕ.

ಉಳಿದ ದಿನಗಳ ಪ್ರಶ್ನೆ

ಪರೀಕ್ಷೆಯ ದಿನಕ್ಕೆಂದು ಒಳ್ಳೆಯ ಟಯರುಗಳನ್ನು ಎರವಲು ತಂದು ಹಾಕಿ, ಸಂಜೆ ಮತ್ತೆ ಸವೆದ ಟಯರುಗಳನ್ನೇ ಏರಿಸುವ ಚಾಳಿ ಸಾಗಣೆ ವ್ಯವಹಾರದವರಿಗೆ ಹೊಸದಲ್ಲ. ಟಯರಿನ ಪಟ್ಟೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂಬ ನಿಯಮ ಆ ಸಂಜೆಯೂ ಅನ್ವಯಿಸುತ್ತದೆ, ಆದರೆ ನೋಡುವವರಿಲ್ಲ. ಹುಬ್ಬಳ್ಳಿಯಿಂದ ಅಂಕೋಲೆಗೆ ಸರಕು ಹೊತ್ತು ಅರಬೈಲ್ ಘಟ್ಟ ಇಳಿಯುವ ಲಾರಿಯ ಬ್ರೇಕ್ ಡ್ರಮ್ಮು ಕಾದಾಗ, ಹನ್ನೊಂದು ತಿಂಗಳ ಹಿಂದೆ ಪಡೆದ ಪತ್ರ ಉಪಯೋಗಕ್ಕೆ ಬರುವುದಿಲ್ಲ.

ಬ್ರಿಟನ್ನಿನಲ್ಲಿ ಭಾರಿ ವಾಹನಗಳ ವಾರ್ಷಿಕ ಪರೀಕ್ಷೆ 1968ರಲ್ಲಿ ಆರಂಭವಾಯಿತು. ಅಲ್ಲಿ ಸರಕು ಸಾಗಿಸುವ ಉದ್ಯಮಿ ಪ್ರತ್ಯೇಕ ಪರವಾನಗಿ ಪಡೆಯಬೇಕು. ವಾಹನದ ವಯಸ್ಸು ಹಾಗೂ ಬಳಕೆಗೆ ತಕ್ಕಂತೆ ಕೆಲವು ವಾರಗಳಿಗೊಮ್ಮೆ ಸುರಕ್ಷತಾ ತಪಾಸಣೆ ಮಾಡಿಸಿ, ಅದರ ದಾಖಲೆಯನ್ನು ಕನಿಷ್ಠ 15 ತಿಂಗಳು ಇರಿಸಬೇಕು. ದಾಖಲೆ ಸರಿಯಿಲ್ಲದಿದ್ದರೆ ಪರವಾನಗಿಗೇ ಕುತ್ತು. ಹಿಂದಿನ ನಡವಳಿಕೆ ಚೆನ್ನಾಗಿರುವವರ ವಾಹನಗಳನ್ನು ರಸ್ತೆಯಲ್ಲಿ ತಡೆಯುವುದು ಕಡಿಮೆ, ಕೆಟ್ಟವರದನ್ನು ತಡೆಯುವುದು ಹೆಚ್ಚು. ನಮ್ಮಲ್ಲಿಯೂ ನಿರ್ವಹಣಾ ದಾಖಲೆ ಸಲ್ಲಿಸುವ ಮಾಲೀಕರಿಗೆ ನವೀಕರಣ ಶುಲ್ಕದಲ್ಲಿ ರಿಯಾಯಿತಿ ನೀಡುವ ಪದ್ಧತಿ ಬಂದರೆ ಮೇಲೆ ಹೇಳಿದ ಅನ್ಯಾಯವೂ ತಗ್ಗುತ್ತದೆ. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಇದು. ಬರಿಯ ಶುಲ್ಕ ಇಳಿಕೆಯ ಮನವಿಗಿಂತ ಇದಕ್ಕೆ ತೂಕ ಹೆಚ್ಚು.

ದಾಖಲೆ ಇಡದಿರುವುದಕ್ಕೆ ತೆರಿಗೆ ಪದ್ಧತಿಯೂ ಒಂದು ಕಾರಣ. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಸಾಗಣೆದಾರರು ವಾಹನಕ್ಕೆ ಇಂತಿಷ್ಟು ಎಂಬ ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟಬಹುದು. ದುರಸ್ತಿಯ ಖರ್ಚು ಪ್ರತ್ಯೇಕವಾಗಿ ಕಳೆಯುವಂತಿಲ್ಲವಾದ್ದರಿಂದ ಬಿಲ್ಲು ಕೇಳುವ ಅಭ್ಯಾಸವೇ ತಪ್ಪಿದೆ. ಅಪಘಾತದ ನಂತರ ವಾಹನ ಸುಸ್ಥಿತಿಯಲ್ಲಿತ್ತು ಎಂದು ತೋರಿಸಲು ಆ ಬಿಲ್ಲುಗಳೇ ಬೇಕು. ಜಿ.ಎಸ್.ಟಿ. ನೋಂದಣಿಯುಳ್ಳ ತಯಾರಕರಿಗಂತೂ ತಮ್ಮ ಸರಕು ವಾಹನದ ಬಿಡಿಭಾಗ ಮತ್ತು ದುರಸ್ತಿಯ ಮೇಲೆ ಕಟ್ಟಿದ ತೆರಿಗೆ ಹೂಡುವಳಿ ಜಮೆಯಾಗಿ ದೊರೆಯುವುದರಿಂದ, ಬಿಲ್ಲಿಲ್ಲದೆ ಕೆಲಸ ಮಾಡಿಸುವುದು ಕೈಯಾರೆ ನಷ್ಟ.

ಪ್ರತಿ ವಾಹನಕ್ಕೊಂದು ಪುಸ್ತಕ ಸಾಕು: ದಿನಾಂಕ, ಓಡಿದ ಕಿಲೋಮೀಟರು, ನೋಡಿದ ಭಾಗ, ಬದಲಿಸಿದ ಭಾಗ, ಬಿಲ್ಲಿನ ಸಂಖ್ಯೆ, ಮೆಕ್ಯಾನಿಕ್‌ನ ಸಹಿ. ಮೊದಲ ಪುಟದಲ್ಲಿ ಎಫ್.ಸಿ., ವಿಮೆ, ಪರ್ಮಿಟ್ ಮುಗಿಯುವ ದಿನಾಂಕಗಳು. ಬಾಡಿಗೆ ಲಾರಿಗೆ ಸರಕು ತುಂಬಿಸುವವರು ಎಂ-ಪರಿವಾಹನ್ ತಂತ್ರಾಂಶದಲ್ಲಿ ವಾಹನದ ಸಂಖ್ಯೆ ನಮೂದಿಸಿ ಈ ದಿನಾಂಕಗಳನ್ನು ನೋಡಿಕೊಂಡು, ಲಾರಿ ರಸೀದಿಯ ಪ್ರತಿಯ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳುವುದು ಎರಡು ನಿಮಿಷದ ಕೆಲಸ.