ಸ್ಟಾರ್ ಲೇಬಲ್ ಓದುವ ಬಗೆ: ಗೃಹೋಪಯೋಗಿ ಉಪಕರಣಗಳ ಖರೀದಿ ಕುರಿತು

ಗೃಹಜ್ಯೋತಿ ಯೋಜನೆ ಜಾರಿಗೆ ಬಂದ ನಂತರ "ಕರೆಂಟ್ ಹೇಗೂ ಉಚಿತ, ಯಾವ ಫ್ರಿಜ್ ತಂದರೇನು" ಎಂಬ ಮಾತು ಗ್ರಾಮಗಳಲ್ಲಿ ಕೇಳಿಬರುತ್ತಿದೆ. ಈ ತಿಳಿವಳಿಕೆ ಸರಿಯಲ್ಲ. ಎಲ್ಲ ಮನೆಗಳಿಗೂ 200 ಯೂನಿಟ್ ಉಚಿತವಿಲ್ಲ. 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಆಯಾ ಮನೆಯ ಮಿತಿಯನ್ನು ನಿಗದಿಪಡಿಸಲಾಗಿದೆ. ಮಿತಿ ಮೀರಿದ ಯೂನಿಟ್‌ಗಳಿಗೆ ಹಣ ಪಾವತಿಸಬೇಕು; ಬಳಕೆ 200 ಯೂನಿಟ್ ದಾಟಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನೇ ಪಾವತಿಸಬೇಕು. ಅಂದು ಫ್ರಿಜ್ ಇಲ್ಲದೆ 40 ಯೂನಿಟ್ ಬಳಸುತ್ತಿದ್ದ ಕುಟುಂಬವು ಇಂದು ಸಂಘದ ಸಾಲದಲ್ಲಿ ಫ್ರಿಜ್ ಕೊಂಡರೆ, ಸಾಲದ ಕಂತಿನೊಡನೆ ವಿದ್ಯುತ್ ಬಿಲ್ಲೂ ಆರಂಭವಾಗುವ ಸಂಭವವಿದೆ. ಆದುದರಿಂದ ಸದಸ್ಯರು ತಮ್ಮ ವಾರ್ಡಿನ ಜನರಿಗೆ ಲೇಬಲ್ ಓದುವ ಕ್ರಮವನ್ನು ತಿಳಿಸಿಕೊಡುವುದು ಅಗತ್ಯ.

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2006ರಿಂದ ಈ ಲೇಬಲ್ ವ್ಯವಸ್ಥೆಯನ್ನು ನಡೆಸುತ್ತಿದೆ. ಒಂದರಿಂದ ಐದರವರೆಗೆ ಸ್ಟಾರ್‌ಗಳಿರುತ್ತವೆ. ಅಂಗಡಿಯವರು ಸ್ಟಾರ್‌ಗಳನ್ನಷ್ಟೇ ತೋರಿಸುತ್ತಾರೆ. ನಾವು ನೋಡಬೇಕಾದುದು ಲೇಬಲ್ ಮೇಲೆ ಮುದ್ರಿತವಾದ ವಾರ್ಷಿಕ ಯೂನಿಟ್ ಬಳಕೆಯನ್ನು. ಸ್ಟಾರ್ ಎಂಬುದು ಒಂದೇ ಬಗೆಯ, ಒಂದೇ ಗಾತ್ರದ ಉಪಕರಣಗಳ ನಡುವಿನ ಹೋಲಿಕೆ ಮಾತ್ರ. ದೊಡ್ಡ 5 ಸ್ಟಾರ್ ಫ್ರಿಜ್ ಚಿಕ್ಕ 3 ಸ್ಟಾರ್ ಫ್ರಿಜ್‌ಗಿಂತ ಹೆಚ್ಚು ವಿದ್ಯುತ್ ಬಳಸಬಹುದು. ಲೇಬಲ್‌ನ ಅವಧಿಯನ್ನೂ ಗಮನಿಸಬೇಕು. ಮಾನದಂಡಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ, ಹಳೆಯ ದಾಸ್ತಾನಿನ 5 ಸ್ಟಾರ್ ಇಂದಿನ 5 ಸ್ಟಾರ್‌ಗೆ ಸಮನಲ್ಲ.

ಒಂದೇ ಗಾತ್ರದ ಎರಡು ಫ್ರಿಜ್‌ಗಳ ಲೇಬಲ್‌ನಲ್ಲಿ 210 ಮತ್ತು 150 ಎಂದು ಇದೆ ಎಂದಿಟ್ಟುಕೊಳ್ಳೋಣ. ವ್ಯತ್ಯಾಸ ವರ್ಷಕ್ಕೆ 60, ತಿಂಗಳಿಗೆ 5 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಹತ್ತು ವರ್ಷಕ್ಕೆ 3,600 ರೂಪಾಯಿ ಉಳಿತಾಯ. ಬೆಲೆಯಲ್ಲಿನ ಅಂತರ ಇದಕ್ಕಿಂತ ಕಡಿಮೆಯಿದ್ದರೆ ಎರಡನೆಯದನ್ನು ಕೊಳ್ಳಬಹುದು. 6,000 ರೂಪಾಯಿ ಹೆಚ್ಚು ಕೇಳಿದರೆ ಬೇಡ. ಐದು ಸ್ಟಾರ್ ಇದ್ದುದೆಲ್ಲ ಲಾಭದಾಯಕವೆಂದು ನಾನು ಹೇಳಲಾರೆ. ದಿನಕ್ಕೆ ಕೆಲವೇ ನಿಮಿಷ ಓಡುವ ಮಿಕ್ಸಿಯ ವಿಷಯದಲ್ಲಂತೂ ಈ ಚಿಂತೆಯೇ ಬೇಕಿಲ್ಲ.

ಸೀಲಿಂಗ್ ಫ್ಯಾನಿನ ಲೆಕ್ಕ ಬೇರೆ. ಅನೇಕ ಗಂಟೆ ಓಡುವುದರಿಂದ ಉಳಿತಾಯ ಹೆಚ್ಚು, ಆದರೂ ಜನರ ಗಮನ ಇದರತ್ತ ಹೋಗುವುದೇ ಕಡಿಮೆ. 75 ವಾಟ್‌ನ ಹಳೆಯ ಫ್ಯಾನ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ 27 ಯೂನಿಟ್ ಬೇಕು. ಬಿಎಲ್‌ಡಿಸಿ ಮೋಟಾರಿನ 30 ವಾಟ್ ಫ್ಯಾನಿಗೆ ಸುಮಾರು 11 ಯೂನಿಟ್ ಸಾಕು. ಮೇಲಿನ ಫ್ರಿಜ್‌ನ ಉಳಿತಾಯಕ್ಕಿಂತ ಇದು ಮೂರು ಪಟ್ಟು! ಯುಪಿಎಸ್ ಇರುವ ಮನೆಗಳಲ್ಲಿ ಅದೇ ಬ್ಯಾಟರಿಯಿಂದ ಫ್ಯಾನ್ ಹೆಚ್ಚು ಹೊತ್ತು ಓಡುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಲೇಬಲ್ ಕಡ್ಡಾಯವಾಗಿದೆ. ಲೇಬಲ್ ಇಲ್ಲದ ಹೊಸ ಫ್ಯಾನನ್ನು ಕೊಳ್ಳಬಾರದು. ಲೇಬಲ್ ನೈಜವೇ ಎಂಬ ಅನುಮಾನವಿದ್ದಲ್ಲಿ ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಮಾದರಿಯ ವಿವರವನ್ನು ಪರಿಶೀಲಿಸಬಹುದು.

ಪಂಚಾಯಿತಿ ಖರೀದಿಗೂ ಇದು ಅನ್ವಯಿಸುತ್ತದೆ. ಕಚೇರಿ, ಗ್ರಂಥಾಲಯಗಳಿಗೆ ದರಪಟ್ಟಿ ಆಹ್ವಾನಿಸುವಾಗ "ಸೀಲಿಂಗ್ ಫ್ಯಾನ್ - 6" ಎಂದಷ್ಟೇ ಬರೆದರೆ, ಕಡಿಮೆ ದರದವರು ಒಂದು ಸ್ಟಾರ್‌ನ ಫ್ಯಾನ್ ಪೂರೈಸುತ್ತಾರೆ. ಅದನ್ನು ತಿರಸ್ಕರಿಸಲು ನಮಗೆ ಆಧಾರವಿರುವುದಿಲ್ಲ. "ಸೀಲಿಂಗ್ ಫ್ಯಾನ್, 1200 ಮಿ.ಮೀ., 5 ಸ್ಟಾರ್, ಚಾಲ್ತಿ ಅವಧಿಯ ಲೇಬಲ್ ಸಹಿತ" ಎಂದು ನಮೂದಿಸತಕ್ಕದ್ದು. ಕೊಳವೆಬಾವಿಯ ಪಂಪ್‌ಸೆಟ್‌ಗಳಿಗೂ ಸ್ಟಾರ್ ಲೇಬಲ್ ಇರುವುದರಿಂದ, ಮುಂದಿನ ಸಾಮಾನ್ಯ ಸಭೆಯಲ್ಲಿ ಪಂಪ್ ಬದಲಾವಣೆಯ ವಿಷಯ ಬಂದಾಗ ಸದಸ್ಯರು ಈ ಅಂಶವನ್ನು ಪ್ರಸ್ತಾಪಿಸಬಹುದು.