ಗಿಳಿ ಓಡಿಸುವ ಗಿರಗಿಟ್ಲೆ: ಪ್ರಾಥಮಿಕ ಶಾಲೆಯಲ್ಲೇ ವಿನ್ಯಾಸದ ಪಾಠ

ವಿಜ್ಞಾನ ಪ್ರದರ್ಶನದ ದಿನ ಹತ್ತಿರ ಬಂದರೆ ಸಾಕು, ಊರಿನ ಅಂಗಡಿಯಲ್ಲಿ ಥರ್ಮಕೋಲ್ ಖಾಲಿ. ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲಿನ ಮನೆ ಎಲ್ಲವೂ ರಾತ್ರೋರಾತ್ರಿ ತಯಾರಾಗುತ್ತವೆ. ಅರ್ಧಕ್ಕರ್ಧ ಕೆಲಸ ಅಪ್ಪ-ಅಮ್ಮನದು. ಮರುದಿನ ಅವು ಬೀರುವಿನ ಮೇಲೆ ದೂಳು ತಿನ್ನುತ್ತವೆ. ಇದರಿಂದ ಮಗು ಅಂಟಿಸುವುದನ್ನು ಕಲಿತೀತು, ವಿನ್ಯಾಸವನ್ನಲ್ಲ. ಯಾರಿಗೆ ಏನು ತೊಂದರೆ ಎಂದು ವಿಚಾರಿಸಿ, ಉಪಾಯ ಹುಡುಕಿ, ಮಾಡಿ, ಪರೀಕ್ಷೆಗೊಡ್ಡಿ, ಕೆಟ್ಟದ್ದನ್ನು ತಿದ್ದಿ ಮತ್ತೆ ಮಾಡುವುದೇ ವಿನ್ಯಾಸದ ಪಾಠ.

ಇಂಗ್ಲೆಂಡ್ 1990ರಿಂದಲೇ ‘ವಿನ್ಯಾಸ ಮತ್ತು ತಂತ್ರಜ್ಞಾನ’ವನ್ನು ಪ್ರಾಥಮಿಕ ಹಂತದಿಂದ ಒಂದು ವಿಷಯವಾಗಿ ಕಲಿಸುತ್ತಿದೆ. ನಮ್ಮಲ್ಲಿ ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದವರು ಚೀಲ ಹೊಲಿಯುವುದು, ಭಾರ ಎತ್ತುವ ಗಾಳಿಯಂತ್ರ, ಬೊಂಬೆಯಾಟ ಇಂಥ ಕೆಲಸಗಳನ್ನು ಶಾಲಾ ಮಕ್ಕಳಿಂದ ಮಾಡಿಸಿ ನೋಡಿದ್ದಾರೆ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಅವಧಿ ಇಲ್ಲ. ಆದರೆ 4 ಮತ್ತು 5ನೇ ತರಗತಿಯ ಪರಿಸರ ಅಧ್ಯಯನ, ಗಣಿತದ ಅಳತೆ, ಕನ್ನಡದ ಬರವಣಿಗೆ ಈ ಮೂರರಿಂದ ಒಂದೊಂದು ಅವಧಿ ತೆಗೆದುಕೊಂಡು, ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ವನ್ನೂ ಸೇರಿಸಿಕೊಂಡರೆ ಒಂದು ಯೋಜನೆ ಮುಗಿಯುತ್ತದೆ. ಕಂಪ್ಯೂಟರ್ ಬರಲಿ ಎಂದು ಕಾಯಬೇಕಿಲ್ಲ.

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿ ಸುತ್ತಿನ ಶಾಲೆಗಳಿಗೆ ಹೊಂದುವ ಒಂದು ಯೋಜನೆ ಇಲ್ಲಿದೆ. ಬೇರೆ ಊರಿನವರು ಸಮಸ್ಯೆಯನ್ನಷ್ಟೇ ಬದಲಿಸಿಕೊಂಡರೆ ಸಾಕು, ಹಂತಗಳು ಅವೇ.

ಹಂತ 1: ಸಮಸ್ಯೆಯನ್ನು ಊರಿನಿಂದಲೇ ತನ್ನಿ

ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವಿನ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ. ಇಲ್ಲಿನ ಮಕ್ಕಳಿಗೆ ಬೆಳೆ ಕಾಯುವುದೆಂದರೆ ಏನೆಂದು ಹೇಳಿಕೊಡಬೇಕಿಲ್ಲ. ‘ಮನೆಯ ಹಿರಿಯರನ್ನು ಮೂರು ಪ್ರಶ್ನೆ ಕೇಳಿ ಬನ್ನಿ’ ಎಂದು ಹೇಳಿ: ಯಾವ ಪ್ರಾಣಿ-ಪಕ್ಷಿ ಬರುತ್ತದೆ? ಯಾವ ಹೊತ್ತಿಗೆ? ಈಗ ಏನು ಮಾಡುತ್ತಿದ್ದೀರಿ?

ಉತ್ತರಗಳಲ್ಲಿ ಆನೆ, ಹಂದಿ ಖಂಡಿತ ಬರುತ್ತವೆ. ಅವನ್ನು ಈ ಯೋಜನೆಯಿಂದ ದೂರವಿಡಿ. ಆಟಿಕೆಯ ಸದ್ದಿಗೆ ಆನೆ ಜಗ್ಗುವುದಿಲ್ಲ, ಮಕ್ಕಳು ಅದರ ದಾರಿಗೆ ಹೋಗಲೂಬಾರದು. ಹಗಲು ಹೊತ್ತು ಕಾಳಿಗೆ ಬರುವ ಗಿಳಿ, ಗುಬ್ಬಿಗಳನ್ನು ಮಾತ್ರ ಆರಿಸಿಕೊಳ್ಳಿ. ಕೊನೆಗೆ ಮಕ್ಕಳೇ ಒಂದು ವಾಕ್ಯ ಬರೆಯಲಿ: ‘ಕಾವಲಿಗೆ ಯಾರೂ ಇಲ್ಲದ ಹೊತ್ತಿನಲ್ಲಿ ಗಾಳಿಯಿಂದಲೇ ಸದ್ದು ಮಾಡಿ ಹಕ್ಕಿ ಓಡಿಸುವ ಸಾಧನ ಬೇಕು. ಖರ್ಚು ಇರಬಾರದು, ಮಳೆಗೆ ಕೆಡಬಾರದು.’ ಮುಂದೆ ಯಾವ ಜಗಳ ಬಂದರೂ ಈ ವಾಕ್ಯವೇ ನ್ಯಾಯ ಹೇಳುತ್ತದೆ.

ಹಂತ 2: ಇರುವ ವಸ್ತುವನ್ನು ಓದಿಸಿ

ಹೊಸದನ್ನು ಮಾಡುವ ಮುನ್ನ, ಯಾರೋ ಚೆನ್ನಾಗಿ ಮಾಡಿಟ್ಟ ವಸ್ತುವನ್ನು ಮಕ್ಕಳ ಮುಂದಿಡಿ. ಕೊಳ್ಳೇಗಾಲ ಸೀಮೆಯಲ್ಲಿ ಇದಕ್ಕೆ ರೇಷ್ಮೆ ಮನೆಯ ಚಂದ್ರಿಕೆಗಿಂತ ಒಳ್ಳೆಯ ಪಾಠವಿಲ್ಲ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿದಿರು ತಟ್ಟಿ. ಅದರ ಮೇಲೆ ಬಿದಿರಿನ ಪಟ್ಟಿ ಸುರುಳಿಯಾಗಿ ನಿಂತಿರುತ್ತದೆ. ಸುತ್ತಿಗೂ ಸುತ್ತಿಗೂ ನಡುವೆ ಐದಾರು ಸೆಂಟಿಮೀಟರ್ ಜಾಗ. ಸ್ಕೇಲು ಕೊಟ್ಟು ಅಳೆಸಿ, ಆಮೇಲೆ ಕೇಳಿ: ‘ಇಷ್ಟೇ ಜಾಗ ಯಾಕೆ? ಇನ್ನೂ ಅಗಲ ಬಿಟ್ಟಿದ್ದರೆ?’ ಹಣ್ಣಾದ ಹುಳುವಿಗೆ ಗೂಡು ಕಟ್ಟಲು ಎರಡು ಬದಿ ಆಸರೆ ಬೇಕು; ಜಾಗ ಅಗಲವಾದರೆ ನೂಲು ಆಚೆ ಬದಿಗೆ ಎಟುಕದು. ತೀರಾ ಕಿರಿದಾದರೆ ಎರಡು ಹುಳು ಸೇರಿ ಜೋಡಿಗೂಡು. ‘ಚಂದ್ರಿಕೆಯನ್ನು ಓರೆಯಾಗಿ ನಿಲ್ಲಿಸುವುದು ಯಾಕೆ?’ ಗೂಡು ಕಟ್ಟುವ ಮುಂಚೆ ಹುಳು ಉಚ್ಚೆ ಹೊಯ್ಯುತ್ತದೆ. ಅದು ಕೆಳಗಿಳಿದು ಹೋಗಬೇಕು, ಗಾಳಿ ಆಡಬೇಕು, ಇಲ್ಲದಿದ್ದರೆ ಗೂಡಿಗೆ ಕಲೆ. ಈಗ ಬಂದಿರುವ ಪ್ಲಾಸ್ಟಿಕ್ ನೇತ್ರಿಕೆಯನ್ನೂ ಪಕ್ಕದಲ್ಲಿಟ್ಟು ಯಾವುದು ತೊಳೆಯಲು ಸುಲಭ, ಯಾವುದು ಗಾಳಿಗೆ ಒಳ್ಳೆಯದು ಎಂದು ಚರ್ಚಿಸಿ.

ಹಿಡಿದ ವಸ್ತುವಿನ ಪ್ರತಿಯೊಂದು ಅಳತೆಗೂ ಒಂದು ಕಾರಣ ಇರುತ್ತದೆ ಎಂಬುದು ಮಗುವಿಗೆ ಹೊಳೆದರೆ ಈ ಅವಧಿ ಸಾರ್ಥಕ. ಬಿದಿರಿನ ಕೆಲಸ ಬಲ್ಲ ಸೋಲಿಗರ ಹಿರಿಯರು ಹತ್ತಿರದಲ್ಲಿದ್ದರೆ ಕರೆಸಿ. ಹಸಿ ಬಿದಿರು ಎಲ್ಲಿ ಬಾಗುತ್ತದೆ, ಎಲ್ಲಿ ಸೀಳುತ್ತದೆ ಎಂಬುದು ಅವರ ಕೈಗೆ ಗೊತ್ತು.

ಹಂತ 3: ಮೊದಲು ಚಿತ್ರ, ಆಮೇಲೆ ಕತ್ತರಿ

ನಾಲ್ಕೈದು ಮಕ್ಕಳ ಗುಂಪು ಮಾಡಿ. ಪ್ರತಿ ಮಗು ಒಂದು ಚಿತ್ರ ಬರೆಯಲಿ. ಚಂದ ಬೇಡ, ಆದರೆ ಭಾಗಗಳ ಹೆಸರು ಮತ್ತು ಅಳತೆ ಇರಲೇಬೇಕು. ಎದುರಿನಿಂದ ಕಾಣುವುದು ಒಂದು, ಪಕ್ಕದಿಂದ ಕಾಣುವುದು ಇನ್ನೊಂದು. ಗುಂಪು ಕೂತು ಒಂದನ್ನು ಆರಿಸಿ, ಉಳಿದವುಗಳಿಂದ ಒಳ್ಳೆಯದನ್ನು ಎತ್ತಿಕೊಳ್ಳಲಿ. ನೀವು ತಿದ್ದಲು ಹೋಗಬೇಡಿ. ‘ಇದು ತಿರುಗುವಾಗ ಯಾವುದಕ್ಕೆ ತಾಗುತ್ತದೆ?’ ಎಂದು ಕೇಳಿದರೆ ಸಾಕು. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳೂ ಜೊತೆಗಿದ್ದರೆ ಅವರಿಗೆ ಕಾಗದದ ಗಿರಗಿಟ್ಲೆ ಕೊಡಿ.

ಹಂತ 4: ಸಾಮಾನು ಹೊಂದಿಸಿ

ಪ್ರತಿ ಗುಂಪಿಗೆ:

- ಒಂದು ಲೀಟರಿನ ಖಾಲಿ ನೀರಿನ ಬಾಟಲಿ, ಮುಚ್ಚಳ ಸಮೇತ
- ಹಳೆಯ ಸೈಕಲ್ ಸ್ಪೋಕ್, ಎರಡು ಮಣಿ
- ಸ್ಪೋಕ್ ಸಲೀಸಾಗಿ ಹೋಗುವ ಪೆನ್ನಿನ ಕೊಳವೆಯ ತುಂಡು
- ಬಿಸ್ಕತ್ತು ಅಥವಾ ಎಣ್ಣೆ ಡಬ್ಬದ ತಗಡಿನ ಮುಚ್ಚಳ
- ಎರಡು ಸಣ್ಣ ನಟ್ಟು, ಗಟ್ಟಿ ದಾರ, ಒಂದು ಗೂಟ

ಸಾಮಾನಿನ ಕೊರತೆ ನೆಪವಾಗಬಾರದು. 1978ರಲ್ಲಿ ಹೋಶಂಗಾಬಾದ್‌ನ ವಿಜ್ಞಾನ ಕಾರ್ಯಕ್ರಮಕ್ಕೆ ಹೋದ ಎಂಜಿನಿಯರ್ ಅರವಿಂದ ಗುಪ್ತ, ಸೈಕಲ್ ವಾಲ್‌ಟ್ಯೂಬಿನ ತುಂಡು ಮತ್ತು ಬೆಂಕಿಕಡ್ಡಿಯಿಂದಲೇ ಜ್ಯಾಮಿತಿ ಕಲಿಸುವ ದಾರಿ ಕಂಡುಕೊಂಡರು. ಕಸದಿಂದ ಆಟಿಕೆ ಮಾಡಿ ಕಲಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಹಂತ 5: ಮಾಡುವ ಕ್ರಮ

1. ಬಾಟಲಿಯ ತಳವನ್ನು ಶಿಕ್ಷಕರೇ ಕತ್ತರಿಸಿ ತೆಗೆಯಿರಿ.
2. ಕತ್ತರಿಸಿದ ಅಂಚಿನ ಸುತ್ತಳತೆಯನ್ನು ಮಕ್ಕಳು ದಾರದಿಂದ ಅಳೆದು ಆರು ಸಮಭಾಗ ಮಾಡಿ ಗುರುತು ಹಾಕಲಿ. ಭಾಗಾಕಾರದ ಪಾಠ ಇಲ್ಲೇ ಆಯಿತು.
3. ಗುರುತಿನಿಂದ ಬಾಟಲಿಯ ಹೆಗಲಿನವರೆಗೆ ಕತ್ತರಿಸಿ, ಆರು ಪಟ್ಟಿಗಳನ್ನೂ ಹೊರಗೆ ಮಡಚಿ. ಪ್ರತಿ ರೆಕ್ಕೆಯನ್ನೂ ಒಂದೇ ದಿಕ್ಕಿಗೆ ಓರೆ ಮಾಡಿ. ಒಂದು ಉಲ್ಟಾ ಆದರೂ ವೇಗ ಕುಗ್ಗುತ್ತದೆ. ಅದನ್ನು ಮಕ್ಕಳೇ ಕಂಡುಹಿಡಿಯಲಿ.
4. ಮುಚ್ಚಳದ ನಟ್ಟನಡುವೆ ಕಾಯಿಸಿದ ಮೊಳೆಯಿಂದ ತೂತು ಮಾಡಿ (ಇದೂ ಶಿಕ್ಷಕರ ಕೆಲಸ), ಕೊಳವೆಯ ತುಂಡನ್ನು ಬಿಗಿಯಾಗಿ ಕೂರಿಸಿ.
5. ಸ್ಪೋಕ್‌ಗೆ ಮೊದಲು ಮಣಿ, ಆಮೇಲೆ ಚಕ್ರ, ಮತ್ತೊಂದು ಮಣಿ ಪೋಣಿಸಿ. ಸ್ಪೋಕಿನ ಬಾಗಿದ ತಲೆ ಚಕ್ರ ಕಳಚದಂತೆ ತಡೆಯುತ್ತದೆ. ಮಣಿಗಳು ಉಜ್ಜಾಟ ತಗ್ಗಿಸುತ್ತವೆ.
6. ತಗಡಿನ ಮುಚ್ಚಳವನ್ನು ಗೂಟಕ್ಕೆ ಹೊಡೆದು, ಸ್ಪೋಕ್ ಅದನ್ನು ದಾಟಿ ಗೂಟದಲ್ಲಿ ಭದ್ರವಾಗಿ ನಿಲ್ಲುವಂತೆ ಮಾಡಿ. ಎದುರುಬದುರಿನ ಎರಡು ರೆಕ್ಕೆಗೆ ದಾರದಲ್ಲಿ ನಟ್ಟು ಕಟ್ಟಿ. ಚಕ್ರ ತಿರುಗಿದಾಗ ನಟ್ಟು ತಗಡಿನ ಅಂಚಿಗೆ ಬಡಿದು ‘ಟಣ್ ಟಣ್’ ಎನ್ನಬೇಕು.

ಕತ್ತರಿಸಿದ ಪ್ಲಾಸ್ಟಿಕ್ ಮತ್ತು ತಗಡಿನ ಅಂಚಿಗೆ ಟೇಪು ಸುತ್ತಿ. ಒಂದು ಬಾರಿಗೆ ಒಂದು ಗುಂಪಿನ ಕೈಯಲ್ಲಿ ಮಾತ್ರ ಕತ್ತರಿ ಇರಲಿ.

ಹಂತ 6: ಪರೀಕ್ಷೆ ಮತ್ತು ತಿದ್ದುಪಡಿ

ಹೆಚ್ಚಿನ ಶಾಲೆಗಳಲ್ಲಿ ತಿರುಗಿತು ಎಂದ ಕೂಡಲೇ ಚಪ್ಪಾಳೆ, ಕೆಲಸ ಮುಗಿಯಿತು. ನಿಜವಾದ ಪಾಠ ಶುರುವಾಗುವುದೇ ಇಲ್ಲಿಂದ. ಒಂದು ಗುಂಪು ನಾಲ್ಕು ರೆಕ್ಕೆ, ಇನ್ನೊಂದು ಆರು, ಮತ್ತೊಂದು ಎಂಟು ಮಾಡಿದೆ ಎನ್ನಿ. ಗಾಳಿ ಗಳಿಗೆಗೊಂದು ತರ ಬೀಸುವುದರಿಂದ, ಇವತ್ತು ಒಂದನ್ನು ನಾಳೆ ಒಂದನ್ನು ನೋಡಿದರೆ ಹೋಲಿಕೆ ನಿಲ್ಲದು. ಮೂರನ್ನೂ ಒಟ್ಟಿಗೆ ಅಕ್ಕಪಕ್ಕ ನೆಟ್ಟು ಅರ್ಧ ನಿಮಿಷದಲ್ಲಿ ಎಷ್ಟು ಬಡಿತ ಎಂದು ಎಣಿಸಿ ಪಟ್ಟಿ ಮಾಡಿಸಿ. ಗಾಳಿ ಯಾವ ಕಡೆಯದು ಎಂದು ತಿಳಿಯಲು ಒಂದು ಬಟ್ಟೆ ಚೂರು ಕಟ್ಟಿ. ಒಡೆಯರಪಾಳ್ಯದ ಟಿಬೆಟನ್ ಶಿಬಿರದ ಬಾವುಟಗಳು ಹಾರಾಡುವುದನ್ನು ಕಂಡ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ತಿದ್ದುವಾಗ ಒಂದು ಬಾರಿಗೆ ಒಂದೇ ಬದಲಾವಣೆ. ರೆಕ್ಕೆಯ ಓರೆಯನ್ನೂ ನಟ್ಟಿನ ತೂಕವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣ ಬಂತೆಂದು ಗೊತ್ತಾಗುವುದಿಲ್ಲ. ನಟ್ಟು ಭಾರವಾದರೆ ಸದ್ದು ಜೋರು, ಆದರೆ ಸಣ್ಣ ಗಾಳಿಗೆ ಚಕ್ರ ಏಳುವುದಿಲ್ಲ. ಈ ಇಕ್ಕಟ್ಟಿನಲ್ಲಿ ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದನ್ನೇ ಮಕ್ಕಳು ಕಲಿಯಬೇಕಿರುವುದು.

ಇದೇ ಹೊತ್ತಿಗೆ ಭರಚುಕ್ಕಿ, ಗಗನಚುಕ್ಕಿಯ ಮಾತು ತೆಗೆಯಿರಿ. ಕಾವೇರಿ ಧುಮುಕುವ ಶಿವನಸಮುದ್ರದಲ್ಲಿ ನೀರಿನಿಂದ ಚಕ್ರ ತಿರುಗಿಸಿ, 1902ರಲ್ಲಿ ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದರು. ಬಾಟಲಿಯ ರೆಕ್ಕೆಗೂ ಅಲ್ಲಿನ ಚಕ್ರಕ್ಕೂ ತತ್ವ ಒಂದೇ: ಹರಿಯುವುದಕ್ಕೆ ಓರೆಯಾಗಿ ಅಡ್ಡ ನಿಂತರೆ ತಿರುಗುತ್ತದೆ.

ಹಂತ 7: ಹೊಲಕ್ಕೆ ಕೊಡಿ, ಅಂಕ ಆಮೇಲೆ ಕೊಡಿ

ಗೆದ್ದದ್ದನ್ನು ಶಾಲೆಗೆ ಹತ್ತಿರದ ಹೊಲದವರಿಗೆ ಒಂದು ವಾರ ಕೊಡಿ. ವಾರದ ನಂತರ ಮಕ್ಕಳು ಹೋಗಿ ಅವರನ್ನೇ ವಿಚಾರಿಸಲಿ. ‘ಎರಡು ದಿನ ಹೆದರಿದವು, ಮೂರನೇ ದಿನ ಅದರ ಮೇಲೇ ಕೂತವು’ ಎಂಬ ಉತ್ತರ ಬಂದರೆ ಗಾಬರಿ ಬೇಡ. ಹಕ್ಕಿಗಳು ಒಂದೇ ಸದ್ದಿಗೆ ಒಗ್ಗಿಹೋಗುತ್ತವೆ. ಜಾಗ ಬದಲಿಸುತ್ತಿರಬೇಕೋ, ಹೊಳೆಯುವ ಕಾಗದ ಸೇರಿಸಬೇಕೋ ಎಂಬುದು ಮುಂದಿನ ಸುತ್ತಿನ ಪ್ರಶ್ನೆ.

ಮೌಲ್ಯಮಾಪನಕ್ಕೆ ನಾಲ್ಕೇ ಮಾನದಂಡ ಸಾಕು: ಸಮಸ್ಯೆಯನ್ನು ಸ್ವಂತ ಮಾತಿನಲ್ಲಿ ಹೇಳಿದರೇ? ಚಿತ್ರದಲ್ಲಿ ಅಳತೆ ಇತ್ತೇ? ಕೆಟ್ಟಾಗ ಕಾರಣ ಹುಡುಕಿದರೇ? ಬಳಸಿದವರ ಮಾತು ಕೇಳಿ ಏನನ್ನಾದರೂ ಬದಲಿಸಿದರೇ? ಅಂದಕ್ಕೆ ಅಂಕ ಇಡಬೇಡಿ. ಇಟ್ಟರೆ ಮತ್ತೆ ಅಪ್ಪ-ಅಮ್ಮ ಅಂಟಿಸಲು ಕೂರುತ್ತಾರೆ.

ಮುರಿದ ಚಕ್ರಗಳನ್ನು ಎಸೆಯದೆ, ಯಾಕೆ ಮುರಿಯಿತು ಎಂಬ ಚೀಟಿ ಅಂಟಿಸಿ ಒಂದು ಪೆಟ್ಟಿಗೆಯಲ್ಲಿಡಿ. ಮುಂದಿನ ವರ್ಷದ ತರಗತಿಗೆ ಎರಡನೇ ಹಂತದ ಪಾಠ ಆ ಪೆಟ್ಟಿಗೆಯಲ್ಲೇ ಸಿಗುತ್ತದೆ.